ಕಾರ್ಬೈನ್

ಕಾರ್ಬೈನ್ ಎಂಬುದು ಪೂರ್ಣ ಪ್ರಮಾಣದ ರೈಫಲ್‌ಗಿಂತ ಮೋಟಾದ ನಳಿಗೆಯುಳ್ಳ, ಹಗುರವಾದ, ಹೆಗಲಿಗೆ ಆನಿಸಿ ಹಾರಿಸುವ ಬಂದೂಕು. ಎರಡರಲ್ಲಿಯೂ ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ; ಅವುಗಳಿಂದಾಗಿ ಗುಂಡು ತನ್ನ ಸುತ್ತ ತಾನೇ ತಿರುಗುತ್ತ ಹೊರಬಿದ್ದು, ಗುರಿ ತಪ್ಪದೆ ಸಾಗುತ್ತದೆ. ಕಾರ್ಬೈನಿಗೆ ಇಷ್ಟೇ ಉದ್ದವಿರಬೇಕೆಂಬ ಸಾರ್ವತ್ರಿಕ ಅಳತೆಯಿಲ್ಲ. ಒಂದೇ ಕಾಲದ, ಒಂದೇ ಬಗೆಯ ತೋಟಾ ಬಳಸುವ ಎರಡು ಬಂದೂಕುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲಷ್ಟೇ ಈ ಹೆಸರಿಗೆ ಅರ್ಥ ಬರುತ್ತದೆ.

ಅಶ್ವದಳದ ಆಯುಧ

ಕಾರ್ಬೈನ್ ಹುಟ್ಟಿದ್ದು ಕುದುರೆ ಸವಾರರ ಅಗತ್ಯದಿಂದ. ಆಳೆತ್ತರಕ್ಕೆ ಸಮೀಪಿಸುವ ಕಾಲಾಳಿನ ಬಂದೂಕನ್ನು ಜೀನಿನ ಮೇಲೆ ಕುಳಿತು ನಿಭಾಯಿಸುವುದು ಕಷ್ಟ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಬಂದೂಕುಗಳು ಇದಕ್ಕೆ ಒಳ್ಳೆಯ ಉದಾಹರಣೆ. 1890ರ ದಶಕದ ಪದಾತಿ ರೈಫಲ್‌ನ ನಳಿಗೆ ಸುಮಾರು 77 ಸೆಂಟಿಮೀಟರ್ ಇದ್ದರೆ, ಅದೇ .303 ತೋಟಾ ಬಳಸುವ ಅಶ್ವದಳದ ಕಾರ್ಬೈನಿನ ನಳಿಗೆ ಸುಮಾರು 53 ಸೆಂಟಿಮೀಟರ್ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಎರಡರ ನಡುವಿನ, ಸುಮಾರು 64 ಸೆಂಟಿಮೀಟರ್ ನಳಿಗೆಯ ಒಂದೇ ರೈಫಲ್ಲನ್ನು ಕಾಲಾಳಿಗೂ ಸವಾರನಿಗೂ ಕೊಡಲಾಯಿತು. ಹೀಗಾಗಿ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದುಕೊಳ್ಳುವ ವೇಳೆಗೆ, ಸಾಮ್ರಾಜ್ಯದ ಸೈನ್ಯದಲ್ಲಿ ಸವಾರರ ಕಾರ್ಬೈನಿನ ಕಾಲ ಮುಗಿದಿತ್ತು. ಮುಂದೆ ವಾಹನ ಚಾಲಕರು, ಪ್ಯಾರಾಶೂಟ್ ಸೈನಿಕರು ಮತ್ತು ಭದ್ರತಾ ಸಿಬ್ಬಂದಿಗಾಗಿ ಅದು ಮರಳಿ ಬಂದಿತು.

ಆ ಹಳೆಯ ಸವಾರರ ಕಾರ್ಬೈನಿನ ನಳಿಗೆಯು ಇಂದಿನ ಭಾರತೀಯ ಇನ್ಸಾಸ್ ರೈಫಲ್‌ನ 46 ಸೆಂಟಿಮೀಟರ್ ನಳಿಗೆಗಿಂತ ಉದ್ದವಾಗಿತ್ತು. ಬರಿಯ ಅಳತೆಪಟ್ಟಿ ಹಿಡಿದು ಹೆಸರಿಡಹೊರಟರೆ ಆಗುವ ಫಜೀತಿ ಇದು.

ನಳಿಗೆ ಮೋಟಾದರೆ

ಮದ್ದು ಉರಿದು ಹುಟ್ಟಿದ ಅನಿಲವು ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತದೆ. ನಳಿಗೆ ಗಿಡ್ಡವಾದಷ್ಟೂ ತಳ್ಳುವ ಅವಧಿ ಕಡಿಮೆ. ಗುಂಡಿನ ವೇಗವೂ ಕಡಿಮೆ. ಅಮೆರಿಕದ ಎಂ-16 ರೈಫಲ್ (ನಳಿಗೆ 50.8 ಸೆಂಟಿಮೀಟರ್) ಮತ್ತು ಎಂ-4 ಕಾರ್ಬೈನ್ (36.8 ಸೆಂಟಿಮೀಟರ್) ಒಂದೇ 5.56 ಮಿಲಿಮೀಟರ್ ತೋಟಾ ಬಳಸುತ್ತವೆ. ಮೊದಲನೆಯದರಿಂದ ಗುಂಡು ಸೆಕೆಂಡಿಗೆ ಸುಮಾರು 940 ಮೀಟರ್, ಎರಡನೆಯದರಿಂದ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಹತ್ತಿರದ ಗುರಿಗೆ ಈ ಅಂತರ ಲೆಕ್ಕಕ್ಕಿಲ್ಲ. ದೂರ ಹೆಚ್ಚಿದಂತೆ ಗುಂಡು ಬೇಗ ಕೆಳಗಿಳಿಯುತ್ತದೆ, ಬಲವೂ ಕುಂದುತ್ತದೆ. ಇದರ ಜೊತೆಗೆ ಪೂರ್ತಿ ಉರಿಯದ ಮದ್ದು ಬಾಯಿಯ ಹೊರಗೆ ಹೊತ್ತಿಕೊಳ್ಳುವುದರಿಂದ ಸದ್ದೂ ಬೆಂಕಿಯ ಮಿಂಚೂ ಹೆಚ್ಚು. ಬಂದೂಕು ಹಗುರವಾದ್ದರಿಂದ ಭಾರಿ ತೋಟಾ ಬಳಸಿದಾಗ ಹೆಗಲಿಗೆ ಬೀಳುವ ಒದೆತವೂ ಜೋರಾಗಿರುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಂದ, ‘ಜಂಗಲ್ ಕಾರ್ಬೈನ್’ ಎಂದು ಹೆಸರಾದ .303 ಬಂದೂಕಿನ ಬಗ್ಗೆ ಸೈನಿಕರ ಮುಖ್ಯ ದೂರುಗಳಲ್ಲಿ ಇದೂ ಒಂದು. ಸರ್ಕಾರಿ ಕಾಗದಗಳಲ್ಲಿ ಮಾತ್ರ ಅದರ ಹೆಸರು ರೈಫಲ್ ಎಂದೇ ಇತ್ತು.

ಭಾರತದಲ್ಲಿ ಹೆಸರಿನ ಗೊಂದಲ

ಭಾರತದಲ್ಲಿ ಗೊಂದಲವು ಇದಕ್ಕೆ ತಿರುವುಮುರುವು. ಪೊಲೀಸರ ಮತ್ತು ಅಂಗರಕ್ಷಕರ ಕೈಯಲ್ಲಿ ದಶಕಗಳ ಕಾಲ ಕಂಡುಬಂದ, ಪತ್ರಿಕೆಗಳು ‘ಕಾರ್ಬೈನ್’ ಎಂದೇ ಬರೆಯುತ್ತ ಬಂದ ಆಯುಧವು ವಾಸ್ತವವಾಗಿ ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷಿನ್ ಗನ್. ಪರವಾನಗಿ ಪಡೆದು ಕಾನ್ಪುರದಲ್ಲಿ ತಯಾರಿಸಿದ ಇದಕ್ಕೆ ‘9 ಎಂಎಂ ಕಾರ್ಬೈನ್ 1ಎ1’ ಎಂದು ಅಧಿಕೃತ ಹೆಸರಿಡಲಾಯಿತು. ಪಕ್ಕಕ್ಕೆ ಚಾಚಿಕೊಂಡ 34 ತೋಟಾಗಳ ಮ್ಯಾಗಜಿನ್ ಇದರ ಗುರುತು. ಇದು ಬಳಸುವುದು ಪಿಸ್ತೂಲಿನ ತೋಟಾ; ರೈಫಲ್‌ನದಲ್ಲ. ಇದರ ಗುಂಡು ರೈಫಲ್‌ನ ಗುಂಡಿನ ಅರ್ಧದಷ್ಟು ವೇಗವನ್ನೂ ಮುಟ್ಟುವುದಿಲ್ಲ. ಆದಕಾರಣ ನಮ್ಮಲ್ಲಿ ‘ಕಾರ್ಬೈನ್‌ನಿಂದ ಗುಂಡು ಹಾರಿಸಲಾಯಿತು’ ಎಂಬ ವರದಿಯನ್ನು ಓದುವಾಗ ಯಾವ ತೋಟಾ ಎಂದು ಕೇಳದೆ ಏನನ್ನೂ ತೀರ್ಮಾನಿಸಲಾಗದು. ಇದರ ಬದಲಿಗೆ ಪುಣೆಯಲ್ಲಿ ರೂಪುಗೊಂಡ ಜೆವಿಪಿಸಿ ಎಂಬ ಆಯುಧವು 5.56×30 ಮಿಲಿಮೀಟರ್ ಎಂಬ, ಇವೆರಡರ ನಡುವಿನ ತೋಟಾ ಬಳಸುತ್ತದೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯ ಎಂ-72 ಮಾತ್ರ ಸಾಂಪ್ರದಾಯಿಕ ಅರ್ಥದ ಕಾರ್ಬೈನ್.

ಕಾನೂನು ಮತ್ತು ಹಳ್ಳಿಯ ಬಂದೂಕು

ಮೋಟೆಬೆನ್ನೂರಿನವರಾದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಬ್ಯಾಡಗಿ, ರಾಣೇಬೆನ್ನೂರು ಸೀಮೆಯಲ್ಲಿ ಬಂದೂಕು ಎಂಬ ಮಾತಿಗೆ ಹೀಗೊಂದು ಚರಿತ್ರೆಯಿದೆ. ಬೆಳೆ ಕಾಯುವ ರೈತನ ಬಂದೂಕು ಅದೇ ಮಾತಿನ ಇನ್ನೊಂದು ಅರ್ಥ. ಆದರೆ ಆ ಬಂದೂಕು ರೈಫಲ್ಲೂ ಅಲ್ಲ, ಕಾರ್ಬೈನೂ ಅಲ್ಲ. ಅದರ ನಳಿಗೆಯ ಒಳಮೈ ನುಣುಪಾಗಿರುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನೂ, ಆತ್ಮರಕ್ಷಣೆ ಅಥವಾ ಕ್ರೀಡೆಗೆ ಕನಿಷ್ಠ 20 ಅಂಗುಲ ನಳಿಗೆಯ ನುಣುಪು ಬಂದೂಕನ್ನೂ ಹೆಸರಿಸುತ್ತದೆ. ಇತರ ಬಂದೂಕುಗಳಿಗೆ ಪರವಾನಗಿ ಕೊಡುವಾಗ ಸಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ತಾನಾಗಿಯೇ ಸತತವಾಗಿ ಗುಂಡು ಹಾರಿಸುವ ಆಯುಧಗಳು ನಿಷಿದ್ಧ ವರ್ಗಕ್ಕೆ ಸೇರುತ್ತವೆ. ಪೊಲೀಸರ 9 ಎಂಎಂ ಕಾರ್ಬೈನ್ ಅಂಥದ್ದೇ.

ಉದ್ದನೆಯ ಬಂದೂಕಿನ ನಳಿಗೆಯನ್ನು ಕೊಯ್ದರೆ ಅದು ಕಾರ್ಬೈನ್ ಆಗುತ್ತದೆಂಬ ತಪ್ಪು ತಿಳಿವಳಿಕೆ ಅಪಾಯಕಾರಿ. ನುಣುಪು ನಳಿಗೆಯನ್ನು ಎಷ್ಟು ಕೊಯ್ದರೂ ಒಳಗೆ ಗೀರು ಮೂಡುವುದಿಲ್ಲ. ಗುರಿ ಕೆಡುವುದು ಮಾತ್ರ ನಿಶ್ಚಯ. ಪರವಾನಗಿ ಇರುವ ಬಂದೂಕೇ ಆಗಲಿ, ಅದರ ನಳಿಗೆಯನ್ನು ಮೋಟುಗೊಳಿಸಲು ಕಾಯ್ದೆಯ 6ನೆಯ ಕಲಮಿನಂತೆ ಪ್ರತ್ಯೇಕ ಅನುಮತಿ ಬೇಕು. ಇಲ್ಲದಿದ್ದರೆ 25ನೆಯ ಕಲಮಿನಡಿ ಅದು ಸೆರೆವಾಸಕ್ಕೆ ಗುರಿಮಾಡುವ ಅಪರಾಧ.