ಗಾಳಿಗೂ ಲೈಸೆನ್ಸ್ ಬೇಕಿದ್ದ ಕಾಲ

ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗೆ ವೈಫೈ ರೌಟರ್ ಯಾಕೆ ಎಂದು ತುಮಕೂರಿನ ಬಡಾವಣೆಯಲ್ಲೂ ಕೇಳುತ್ತಾರೆ, ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲೂ ಕೇಳುತ್ತಾರೆ. ಆದರೆ ರೌಟರಿಗೆ ಇಂಟರ್ನೆಟ್ಟಿನ ಹಂಗಿಲ್ಲ. ಕರೆಂಟು ಕೊಟ್ಟರೆ ಸಾಕು, ಮನೆಯ ಫೋನು, ಲ್ಯಾಪ್‌ಟಾಪು, ಪ್ರಿಂಟರುಗಳಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ವಿಳಾಸಗಳನ್ನು ತಾನೇ ಹಂಚಿ, ಒಂದರಲ್ಲಿರುವ ಪಾಠ, ಹಾಡು, ಫೋಟೊಗಳನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಇಷ್ಟು ಸರಳವಾದದ್ದು ನಮ್ಮಲ್ಲಿ ಯಾಕೆ ರೂಢಿಗೆ ಬರಲಿಲ್ಲ? ಕೇಬಲ್ ತಡವಾಗಿ ಬಂತು ಎಂಬ ಉತ್ತರ ಸಾಲದು. ಗಾಳಿಯ ಅಲೆಗಳನ್ನು ಸರ್ಕಾರ ಬಹುಕಾಲ ಮುಷ್ಟಿಯಲ್ಲಿ ಹಿಡಿದಿತ್ತು. ಮುಷ್ಟಿ ಸಡಿಲವಾಗುವ ಹೊತ್ತಿಗೆ ಸಂಪರ್ಕವೆಂದರೆ ದೂರದ ಕಂಪನಿಯಿಂದ ಕೊಳ್ಳುವ ಸರಕು ಎಂಬ ಅಭ್ಯಾಸ ಬಲಿತಿತ್ತು.

ಬ್ರಿಟಿಷ್ ಇಂಡಿಯಾದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಎರಡು ವರ್ಷಗಳ ಬಳಿಕ, ತುಮಕೂರು ಸೀಮೆಯೂ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಹಬ್ಬಿದ್ದೂ ಆ ಕೇಂದ್ರದ ಮೂಲಕ. ಕನ್ನಡ ನಾಡಿನ ನಿಸ್ತಂತು ಚರಿತ್ರೆ ಹೀಗೆ ಒಂದು ಮನೆಯಿಂದ ಶುರುವಾದರೂ ಮುಂದೆ ಅದು ದೆಹಲಿಯ ಕೈಗೆ ಹೋಯಿತು. 1980ರ ದಶಕದ ಆರಂಭದಲ್ಲೂ ರೇಡಿಯೊ ಕೇಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೂ ಊರವರಿಗೆ ಕೂಡಲೇ ಪ್ರಸಾರದ ಅನುಮತಿ ಸಿಗಲಿಲ್ಲ. ಆದ್ದರಿಂದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ 2003ರಲ್ಲಿ ತನ್ನ ಕಾರ್ಯಕ್ರಮಗಳನ್ನು ಟಿವಿ ಕೇಬಲಿನಲ್ಲಿ ಮನೆಮನೆಗೆ ಕಳಿಸಬೇಕಾಯಿತು. ತಂತಿಗಿಲ್ಲದ ಅಡ್ಡಿ ಗಾಳಿಗಿತ್ತು.

2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು, ಶಕ್ತಿಗೆ ಮಿತಿ ಹಾಕಿ, ಲೈಸೆನ್ಸಿನಿಂದ ಬಿಡಿಸಿತು. ವೈಫೈ ರೌಟರುಗಳು ಬಳಸುವ ಪಟ್ಟಿ ಅದು. ಈ ಬಿಡುವಿನಿಂದ ಏನು ಸಾಧ್ಯ ಎಂದು ತೋರಿಸಿದ್ದು ತುಮಕೂರು ಬಳಿಯ ದೇವರಾಯನದುರ್ಗದ ತಪ್ಪಲಿನ ದುರ್ಗದಹಳ್ಳಿ. ‘ಜನಸ್ತು’ ಸಂಸ್ಥೆ ಅಲ್ಲಿ ಊರವರೊಂದಿಗೆ ಮೆಶ್ ಜಾಲ ಕಟ್ಟಿತು. ಒಂದು ರೌಟರು ಇನ್ನೊಂದಕ್ಕೆ ಮಾತು ದಾಟಿಸುತ್ತದೆ. ಊರೊಳಗಿನ ಪುಟ್ಟ ಕಂಪ್ಯೂಟರಿನಲ್ಲಿಟ್ಟ ಧ್ವನಿಮುದ್ರಣಗಳನ್ನು ಇಂಟರ್ನೆಟ್ಟಿಲ್ಲದೆ ಫೋನಿನಲ್ಲಿ ಕೇಳಬಹುದು. ಓದು ಬರಹ ಬಾರದವರೂ ಮಾತಾಡಿ ಸೇರಬಹುದಾದ ‘ನಮ್ಮ ಹಳ್ಳಿ ರೇಡಿಯೊ’ ಈ ಬಗೆಯದು.

ಅಗ್ಗದ ಮೊಬೈಲ್ ಡೇಟಾ ಬಂದ ಮೇಲೆ ಇದೆಲ್ಲ ಯಾಕೆ ಎನ್ನಬಹುದು. 2016ರ ಬಳಿಕ ಡೇಟಾ ಬೆಲೆ ಕುಸಿದದ್ದು ನಿಜ. ಆದರೂ ಪಡಸಾಲೆಯಿಂದ ಕೋಣೆಗೆ ಹೋಗಬೇಕಾದ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಎಲ್ಲೋ ಇರುವ ಸರ್ವರ್ ಮುಟ್ಟಿ ಬರುತ್ತದೆ. ಟವರ್ ಕೈಕೊಟ್ಟರೆ ಅದೂ ಇಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇಂಥ ಜಾಲಗಳು ಸಂಸ್ಥೆಯೊಂದರ ಆಸರೆಯಿಲ್ಲದೆ ಉಳಿಯವು. ನಿರ್ವಹಣೆ ನಿಜಕ್ಕೂ ಕಷ್ಟ. ತೆಂಗಿನ ಹಸಿ ಗರಿ ಅಲೆಯನ್ನು ಹೀರುವುದರಿಂದ ತೋಟದ ನಡುವೆ ಆಂಟೆನಾಗಳಿಗೆ ನೇರ ನೋಟ ಸಿಗುವ ಎತ್ತರ ಬೇಕು. ರಾಸ್ಪ್‌ಬೆರಿ ಪೈಯಂಥ ಕಂಪ್ಯೂಟರಿನ ಹೆಚ್ಚಿನ ಮಾದರಿಗಳಲ್ಲಿ ಕರೆಂಟು ಹೋದಾಗಲೂ ನಡೆಯುವ ಗಡಿಯಾರವಿಲ್ಲ. ಇಂಟರ್ನೆಟ್ ಸಿಗದಿದ್ದರೆ ಹೊತ್ತು ತಪ್ಪಿ, ಇಂದಿನ ಕಡತಕ್ಕೆ ಹಳೆಯ ತಾರೀಖು ಬೀಳುತ್ತದೆ. ಚಿಕ್ಕದೊಂದು ಗಡಿಯಾರ ಚಿಪ್ ಕೂಡಿಸಬೇಕು. ಆದರೆ ಇವು ಊರಿನ ಎಲೆಕ್ಟ್ರಿಷಿಯನ್ ಕಲಿಯಬಹುದಾದ ಕೆಲಸಗಳು. ಕೇಬಲ್ ಟಿವಿಯನ್ನು ಮನೆಮನೆಗೆ ಎಳೆದವರೂ ಊರಿನ ಹುಡುಗರೇ, ಇಂಜಿನಿಯರುಗಳಲ್ಲ. ಅದಕ್ಕೆ ತಿಂಗಳ ಬಾಡಿಗೆಯಿತ್ತು, ಇದಕ್ಕಿಲ್ಲ, ವ್ಯತ್ಯಾಸವಿರುವುದು ಅಲ್ಲಿ.

ಹಾಗಾಗಿ ಲಾಭ ಹುಡುಕುವ ಕಂಪನಿ ಇದಕ್ಕೆ ಬರುವುದಿಲ್ಲ. ಮನೆಯವರು, ಶಾಲೆ, ಪಂಚಾಯಿತಿ ಗ್ರಂಥಾಲಯವೇ ಕೈಹಾಕಬೇಕು. ಪಠ್ಯಪುಸ್ತಕ, ಊರಿನ ಹಾಡು, ಜಮೀನಿನ ದಾಖಲೆ ಇಂಥವನ್ನು ಹತ್ತಿರದಲ್ಲೇ ಇಟ್ಟು ಹಂಚಿಕೊಳ್ಳಲು ಈಗ ಅಲೆಯ ಲೈಸೆನ್ಸ್ ಬೇಡ. ಬ್ರಾಡ್‌ಬ್ಯಾಂಡ್ ಬಂದಾಗ ಬರಲಿ, ಈ ಜಾಲಕ್ಕೆ ಅದೂ ಒಂದು ಬಾಗಿಲಾದೀತು.