ರವೆ ಉದುರಿದಂತೆ ಕಂಡರೆ ಕೆಟ್ಟ ಪ್ರಿಂಟೇ? ಯುದ್ಧದ ಸಿನಿಮಾ, ಬ್ಲೂ-ರೇ ಮತ್ತು ನಾನು ವಾಪಸ್ ಕೊಟ್ಟ ಡಿಸ್ಕ್

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದ ಫ್ರೇಮುಗಳು ಇಲ್ಲಿ ಇರಲ್ಲ, ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೀನಿ.

ಮೊದಲು ನನ್ನದೇ ಒಂದು ಪೆದ್ದುತನ. 2010ರಲ್ಲಿ ಪುಣೆಯ ವಾಕಡ್‌ನಲ್ಲಿ ನಾವು ನಾಲ್ಕು ಜನ ಒಂದು ಫ್ಲ್ಯಾಟ್ ಹಂಚಿಕೊಂಡಿದ್ವಿ. ಇಬ್ಬರು ಹುಬ್ಬಳ್ಳಿಯವರು, ಒಬ್ಬ ಶಿವಮೊಗ್ಗ, ನಾನು ಹಾಸನ. ಬೋನಸ್ ಬಂದ ತಿಂಗಳು ನಾಲ್ವರೂ ದುಡ್ಡು ಹಾಕಿ ಫುಲ್ ಎಚ್‌ಡಿ ಟಿವಿ, ಬ್ಲೂ-ರೇ ಪ್ಲೇಯರ್ ತಂದ್ವಿ. ಮನೆಗೆ ಯಾರೇ ಬರಲಿ, ನಾನು ಹಾಕ್ತಿದ್ದ ಡಿಸ್ಕ್ ಒಂದೇ: 'ಪ್ಯಾಟನ್'. ಪರದೆ ತುಂಬ ಅಮೆರಿಕದ ಬಾವುಟ, ಅದರ ಮುಂದೆ ಇಷ್ಟೇ ಇಷ್ಟು ಕಾಣೋ ಜನರಲ್. 1970ರ ಸಿನಿಮಾ, ಆದರೆ ನಿನ್ನೆ ತೆಗೆದ ಹಾಗೆ ನುಣುಪು. "ನೋಡ್ರೋ, ಎಚ್‌ಡಿ ಅಂದ್ರೆ ಇದು" ಅಂತ ನನ್ನ ಉಪನ್ಯಾಸ ಬೇರೆ.

ಆಮೇಲೆ 'ಸೇವಿಂಗ್ ಪ್ರೈವೇಟ್ ರಯಾನ್' ತಂದೆ. ಒಮಾಹಾ ಕಡಲ ದಂಡೆಯ ದೃಶ್ಯ ಶುರುವಾಯ್ತು. ಬಣ್ಣ ತೊಳೆದು ಹೋದ ಹಾಗೆ, ಆಕಾಶದ ತುಂಬ ರವೆ ಉದುರಿದ ಹಾಗೆ ಚುಕ್ಕಿ, ಕ್ಯಾಮೆರಾ ಒಂದೇ ಸಮ ಅದುರುತ್ತೆ. ಮಾರನೇ ದಿನವೇ ಅಂಗಡಿಗೆ ಹೋಗಿ "ಪ್ರಿಂಟ್ ಸರಿಯಿಲ್ಲ" ಅಂತ ಜಗಳ ಆಡಿ ವಾಪಸ್ ಕೊಟ್ಟು ಬಂದೆ. (ತಮಾಷೆ ಏನಂದ್ರೆ, ಅಮೆರಿಕದಲ್ಲಿ ಅದೇ ವರ್ಷ ಬಂದ ಆ ಸಿನಿಮಾದ ಮೊದಲ ಡಿಸ್ಕುಗಳನ್ನ ನಿಜವಾಗಿಯೂ ವಾಪಸ್ ಕರೆಸಿಕೊಂಡಿದ್ದರು. ಆದರೆ ದೋಷ ಇದ್ದದ್ದು ಚಿತ್ರದಲ್ಲಲ್ಲ, ಧ್ವನಿ ಚಿತ್ರಕ್ಕೆ ಹೊಂದುತ್ತಿರಲಿಲ್ಲ.)

ಎರಡೂ ಡಿಸ್ಕಿನ ಬಗ್ಗೆ ನನ್ನ ತೀರ್ಪು ತಲೆಕೆಳಗಾಗಿತ್ತು. ಅದು ಯಾಕೆ ಅಂತ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1916ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳಿಗೆ 'ದಿ ಬ್ಯಾಟಲ್ ಆಫ್ ದಿ ಸೊಮ್' ಅನ್ನೋ ಸಾಕ್ಷ್ಯಚಿತ್ರ ಬಂತು. ಜೆಫ್ರಿ ಮ್ಯಾಲಿನ್ಸ್, ಜಾನ್ ಮೆಕ್‌ಡೊವೆಲ್ ಅನ್ನೋ ಇಬ್ಬರು ಕ್ಯಾಮೆರಾಮನ್‌ಗಳು ಫ್ರಾನ್ಸಿನ ರಣರಂಗದಲ್ಲಿ ಕೈಯಿಂದ ತಿರುಗಿಸೋ ಕ್ಯಾಮೆರಾದಲ್ಲಿ ತೆಗೆದದ್ದು. ಜುಲೈ 1ರ ಬೆಳಗ್ಗೆ ಹಾಥಾರ್ನ್ ದಿಬ್ಬದ ಕೆಳಗೆ ಹೂತಿಟ್ಟ ಸಿಡಿಮದ್ದು ಸ್ಫೋಟಗೊಂಡ ದೃಶ್ಯ ಅದರಲ್ಲಿದೆ. ಅದು ಅಪ್ಪಟ ನಿಜ, ಮತ್ತು ಅದು ಕಾಣೋದು ದೂರದಿಂದ, ಮಸುಕಾಗಿ. ಅದೇ ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೆ ಹತ್ತಿ ಹೋಗೋ ದೃಶ್ಯವೂ ಇದೆ, ಒಬ್ಬ ಗುಂಡು ತಗುಲಿ ಜಾರಿ ಬೀಳ್ತಾನೆ. ಹತ್ತಿರದಿಂದ ತೆಗೆದದ್ದು, ಸ್ಪಷ್ಟವಾಗಿದೆ. ಇತಿಹಾಸಕಾರರ ಪ್ರಕಾರ ಅದು ರಣರಂಗದಿಂದ ದೂರ, ತರಬೇತಿ ಜಾಗದಲ್ಲಿ ಅಭಿನಯಿಸಿದ ದೃಶ್ಯ. ಅಂದ್ರೆ ಯುದ್ಧದ ಚಿತ್ರಕ್ಕೆ ಶುರುವಿನಲ್ಲೇ ಒಂದು ವಿಚಿತ್ರ ಲಕ್ಷಣ ಅಂಟಿಕೊಂಡಿತು: ಚೆನ್ನಾಗಿ ಕಂಡರೆ ಅನುಮಾನ ಪಡು.

1942ರ ಜೂನ್‌ನಲ್ಲಿ ಇದಕ್ಕೆ ಬಣ್ಣವೂ ಬಂತು. ಹಾಲಿವುಡ್ಡಿನ ದೊಡ್ಡ ನಿರ್ದೇಶಕ ಜಾನ್ ಫೋರ್ಡ್ ಆಗ ನೌಕಾಪಡೆಯ ಅಧಿಕಾರಿ. ಮಿಡ್‌ವೇ ದ್ವೀಪದ ಮೇಲೆ ಜಪಾನೀ ವಿಮಾನಗಳು ಬಾಂಬ್ ಹಾಕುವಾಗ ಆತ ವಿದ್ಯುತ್ ಕೇಂದ್ರದ ಛಾವಣಿ ಮೇಲೆ ನಿಂತು 16 ಎಂಎಂ ಕೊಡಾಕ್ರೋಮ್ ಫಿಲ್ಮಿನಲ್ಲಿ ಚಿತ್ರೀಕರಿಸಿದ. ಕೈಗೆ ಗಾಯವೂ ಆಯ್ತು. ಬಾಂಬು ಹತ್ತಿರ ಬಿದ್ದಾಗ ಆ ಅದುರಿಗೆ ಕ್ಯಾಮೆರಾದೊಳಗೆ ಫಿಲ್ಮೇ ಜಾರುತ್ತೆ; ಪರದೆ ಮೇಲೆ ಫ್ರೇಮಿನ ಅಂಚು ಹಾರಿ ಕಾಣುತ್ತೆ. ಸ್ಟುಡಿಯೋದಲ್ಲಾಗಿದ್ದರೆ ಆ ಶಾಟ್ ಕಸದಬುಟ್ಟಿಗೆ. ಫೋರ್ಡ್ ಅದನ್ನ ಕತ್ತರಿಸಲಿಲ್ಲ. 'ದಿ ಬ್ಯಾಟಲ್ ಆಫ್ ಮಿಡ್‌ವೇ' ಕೇವಲ 18 ನಿಮಿಷದ ಚಿತ್ರ, ಆಸ್ಕರ್ ಗೆದ್ದಿತು. ಆವತ್ತಿಂದ ಅದುರೋ ಚಿತ್ರ ಅಂದ್ರೆ "ಕ್ಯಾಮೆರಾಮನ್ ಅಲ್ಲಿ ಇದ್ದ" ಅನ್ನೋದಕ್ಕೆ ಸಾಕ್ಷಿ. 1944ರ ಜೂನ್ 6ರಂದು ಒಮಾಹಾ ದಂಡೆಯಲ್ಲಿ ರಾಬರ್ಟ್ ಕಾಪಾ ತೆಗೆದ ಫೋಟೋಗಳೂ ಅಷ್ಟೇ. ಅಲುಗಿ, ಕದಡಿ ಹೋಗಿದ್ದರಿಂದಲೇ ಅವು ಜನರ ನೆನಪಿನಲ್ಲಿ ಉಳಿದವು.

ಈಗ 'ಪ್ರೈವೇಟ್ ರಯಾನ್'ಗೆ ಬರೋಣ. ನಾನು ಡಿಸ್ಕಿನ ದೋಷ ಅಂದುಕೊಂಡಿದ್ದ ಪ್ರತಿಯೊಂದನ್ನೂ ಕಷ್ಟಪಟ್ಟು, ದುಡ್ಡು ಸುರಿದು ಮಾಡಿದ್ದರು. ಸ್ಪಿಲ್‌ಬರ್ಗ್ ಮತ್ತು ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿಗೆ ಬೇಕಾಗಿದ್ದದ್ದು 1944ರ ಸುದ್ದಿಚಿತ್ರದ ರೂಪ. ಅದಕ್ಕೆ ಲೆನ್ಸುಗಳ ಮೇಲಿನ ರಕ್ಷಣಾ ಲೇಪನವನ್ನೇ ಕೆರೆಸಿ ತೆಗೆಸಿದರು. ಹೊಸ ಲೆನ್ಸು ಹಳೇ ಲೆನ್ಸಿನ ಹಾಗೆ ಬೆಳಕನ್ನ ಚೆದುರಿಸಲಿ ಅಂತ.

ಶಟರ್ ವಿಷಯ ಇನ್ನೂ ಸ್ವಾರಸ್ಯ. ಸಿನಿಮಾ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ 180 ಡಿಗ್ರಿ ತೆರೆದಿರುತ್ತೆ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ ಪ್ರತಿ ಫ್ರೇಮಿಗೆ ಸೆಕೆಂಡಿನ 48ನೇ ಒಂದು ಭಾಗ ಬೆಳಕು. ಓಡೋ ಮನುಷ್ಯ ಅಷ್ಟು ಹೊತ್ತಲ್ಲಿ ಸ್ವಲ್ಪ ಕದಡಿ ಬೀಳ್ತಾನೆ, ನಮ್ಮ ಕಣ್ಣಿಗೆ ಆ ಕದಡುವಿಕೆಯೇ ಸರಾಗ ಚಲನೆ. ಕಮಿನ್ಸ್ಕಿ ದಂಡೆಯ ದೃಶ್ಯಕ್ಕೆ ಶಟರನ್ನ 90 ಡಿಗ್ರಿಗೆ, ಕೆಲವು ಕಡೆ 45ಕ್ಕೆ ಇಳಿಸಿದರು. 45 ಅಂದ್ರೆ ಸೆಕೆಂಡಿನ 192ನೇ ಒಂದು ಭಾಗ. ಕದಡುವಿಕೆ ಹೋಯ್ತು. ಸ್ಫೋಟದಲ್ಲಿ ಮೇಲೆದ್ದ ಮರಳಿನ ಒಂದೊಂದು ಕಾಳೂ ಗಾಳಿಯಲ್ಲಿ ಬೇರೆಬೇರೆ ನಿಂತು, ತುಂಡುತುಂಡಾಗಿ ಬೀಳುತ್ತೆ. ಇದರ ಮೇಲೆ ಲ್ಯಾಬಿನಲ್ಲಿ ಇಎನ್‌ಆರ್ ಅನ್ನೋ ಸಂಸ್ಕರಣೆ: ಸಾಮಾನ್ಯವಾಗಿ ತೊಳೆದು ಹೋಗೋ ಬೆಳ್ಳಿಯಲ್ಲಿ ಒಂದಿಷ್ಟನ್ನ ಪ್ರಿಂಟಿನಲ್ಲೇ ಉಳಿಸಿಕೊಳ್ಳೋದು. ಕಪ್ಪು ಗಟ್ಟಿಯಾಗುತ್ತೆ, ಬಣ್ಣ ಬಾಡುತ್ತೆ. ಕಮಿನ್ಸ್ಕಿಗೆ ಇದಕ್ಕೇ ಆಸ್ಕರ್ ಬಂತು. ಪುಣೆಯಲ್ಲಿ ನಾನು ಇದಕ್ಕೇ ಜಗಳ ಆಡಿದ್ದೆ.

ಸರಿ, 'ಪ್ಯಾಟನ್'ನಲ್ಲಿ ಏನು ತಪ್ಪು? ಸಿನಿಮಾದಲ್ಲಿ ಏನೂ ತಪ್ಪಿಲ್ಲ. ಅದನ್ನ ಡೈಮೆನ್ಷನ್-150 ಅನ್ನೋ ಪದ್ಧತಿಯಲ್ಲಿ, ಮಾಮೂಲಿ 35ರ ಬದಲು 65 ಎಂಎಂ ನೆಗೆಟಿವ್ ಮೇಲೆ ತೆಗೆದಿದ್ದರು. ನೆಗೆಟಿವ್ ದೊಡ್ಡದಾದಷ್ಟೂ ಕಣ ಸಣ್ಣದಾಗಿ ಕಾಣುತ್ತೆ. ಈ ಕಣ, ಅಂದ್ರೆ ಗ್ರೇನ್, ಏನು ಅನ್ನೋದು ಇಲ್ಲಿ ಮುಖ್ಯ. ಫಿಲ್ಮಿನಲ್ಲಿ ಪಿಕ್ಸೆಲ್ ಇಲ್ಲ. ಬೆಳಕಿಗೆ ಸ್ಪಂದಿಸೋ ಬೆಳ್ಳಿಯ ಹರಳುಗಳಿವೆ. ಕಲರ್ ಫಿಲ್ಮನ್ನ ಸಂಸ್ಕರಿಸಿದಾಗ ಆ ಹರಳುಗಳಿದ್ದ ಕಡೆ ಬಣ್ಣದ ಸಣ್ಣಸಣ್ಣ ಮೋಡ ಉಳಿಯುತ್ತೆ. ಮುಖ, ಬಟ್ಟೆಯ ನೇಯ್ಗೆ, ಗಡ್ಡದ ಕೂದಲು, ಎಲ್ಲಾ ಈ ಕಣಗಳಿಂದಲೇ ಆಗಿದ್ದು. ಚಿತ್ರದ ಮೇಲೆ ಕೂತ ಧೂಳಲ್ಲ ಅದು, ಚಿತ್ರವೇ ಅದು.

2008ರ 'ಪ್ಯಾಟನ್' ಬ್ಲೂ-ರೇ ಮಾಡಿದವರು ಸಾಫ್ಟ್‌ವೇರ್ ಫಿಲ್ಟರ್ ಹಾಕಿ ಆ ಕಣವನ್ನ ಒರೆಸಿಬಿಟ್ಟರು. ಫಿಲ್ಟರಿಗೆ ಕಣ ಯಾವುದು, ಚರ್ಮದ ಸುಕ್ಕು ಯಾವುದು ಅಂತ ಗೊತ್ತಾಗಲ್ಲ, ಎರಡೂ ಹೋಯ್ತು. ಜಾರ್ಜ್ ಸಿ. ಸ್ಕಾಟ್‌ನ ಮುಖ ಮೇಣದ ಗೊಂಬೆ. ಅದೇ ವರ್ಷ ಬಂದ 'ದಿ ಲಾಂಗೆಸ್ಟ್ ಡೇ'ದೂ ಇದೇ ಕಥೆ. ಅದು ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಆಸ್ಕರ್ ಪಡೆದ 1962ರ ಸಿನಿಮಾ ಅನ್ನೋದು ನೆನಪಿರಲಿ! ಆಗ ಈ ನುಣುಪನ್ನ ಹೊಗಳಿದವರು ಬೇಕಾದಷ್ಟು ಜನ, ನನ್ನಂಥವರು. ರಾಬರ್ಟ್ ಹ್ಯಾರಿಸ್ ಥರದ ಪುನರುದ್ಧಾರ ತಜ್ಞರು ತಕರಾರು ಎತ್ತಿದರು. ಕೊನೆಗೆ 2012ರಲ್ಲಿ 'ಪ್ಯಾಟನ್'ನ ಹೊಸ ಡಿಸ್ಕ್ ಬಂತು, ಕಣ ವಾಪಸ್ ಬಂತು, ಮುಖಕ್ಕೆ ಚರ್ಮ ಬಂತು. ಎರಡನ್ನೂ ಪಕ್ಕಪಕ್ಕ ನೋಡಿದ ದಿನ ನನಗೆ ನಿಜವಾಗಿ ನಾಚಿಕೆ ಆಯ್ತು. ಯಾಕಂದ್ರೆ ಆ ಫಿಲ್ಟರ್ ಹಾಕಿದ್ದು ನಮಗೋಸ್ಕರ. ಹೊಸ ಫ್ಲಾಟ್ ಟಿವಿ ಕೊಂಡವರು "ಚುಕ್ಕಿ ಕಾಣ್ತಿದೆ" ಅಂತ ಡಿಸ್ಕ್ ವಾಪಸ್ ಕೊಡ್ತಾರೆ ಅನ್ನೋ ಭಯಕ್ಕೆ ಅಂತಲೇ ನನ್ನ ಅಂದಾಜು.

ಹಾಗಂತ ಏನನ್ನೂ ಮುಟ್ಟಬಾರದು ಅಂತಲ್ಲ. 'ಲಾರೆನ್ಸ್ ಆಫ್ ಅರೇಬಿಯಾ'ದ ನೆಗೆಟಿವ್‌ನಲ್ಲಿ ಮರುಭೂಮಿಯ ಬಿಸಿಗೆ ಎಮಲ್ಷನ್ ಕೆಟ್ಟು, ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಬಿರುಕುಗಳಿದ್ದವು. 2012ರ ಆವೃತ್ತಿಗೆ ನೆಗೆಟಿವನ್ನ 8ಕೆ ಸ್ಕ್ಯಾನ್ ಮಾಡಿ, 4ಕೆಯಲ್ಲಿ ಕೆಲಸ ಮಾಡಿ ಆ ಬಿರುಕುಗಳನ್ನ ತೆಗೆದರು, ಕಣವನ್ನ ಬಿಟ್ಟರು. ಗಾಯ ಬೇರೆ, ಚರ್ಮ ಬೇರೆ ಅಂತ ಗೊತ್ತಿದ್ದವರ ಕೆಲಸ.

"ಹಾಗಾದ್ರೆ ಮಾಡಿದವರು ಹೇಳಿದ ಹಾಗೆ ಇದ್ದರೆ ಸಾಕಲ್ವಾ?" ಅಂತ ಕೇಳಬಹುದು. ಅಲ್ಲೂ ಒಂದು ತೊಡಕಿದೆ. 'ಅಪೊಕಲಿಪ್ಸ್ ನೌ' ಥಿಯೇಟರಿನಲ್ಲಿ ಬಂದದ್ದು ಅಗಲ ಪರದೆಯಲ್ಲಿ, ಸುಮಾರು 2.35ಕ್ಕೆ 1. ಆದರೆ ಅದರ ಛಾಯಾಗ್ರಾಹಕ ವಿಟ್ಟೋರಿಯೋ ಸ್ಟೊರಾರೋ ಎಲ್ಲಾ ಸಿನಿಮಾಗೂ 2ಕ್ಕೆ 1ರ ಅಳತೆ ಇರಲಿ ಅನ್ನೋ ವಾದ ಹಿಡಿದರು, ಡಿವಿಡಿಯಲ್ಲಿ ಎಡಬಲ ಕತ್ತರಿಸಿ ಹೋಯ್ತು. 2010ರ ಬ್ಲೂ-ರೇಯಲ್ಲಿ ಪೂರ್ತಿ ಅಗಲ ಮರಳಿ ಬಂತು. ನನ್ನ ಮಟ್ಟಿಗೆ 1979ರಲ್ಲಿ ಜನ ನೋಡಿದ್ದೇ ದಾಖಲೆ, ಆಮೇಲಿನ ಮನಸ್ಸು ಬದಲಾವಣೆ ಅಲ್ಲ. ನೀವು ಒಪ್ಪದೇ ಇರಬಹುದು.

ಈಗ ಮನೆಯಲ್ಲೇ ಮಾಡೋ ಪರೀಕ್ಷೆ. ಟಿವಿಯಲ್ಲಿ ಶಾರ್ಪ್‌ನೆಸ್ ಇಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಮೋಷನ್ ಸ್ಮೂಥಿಂಗ್ ಅಂತೂ ಮೊದಲೇ ಆಫ್ ಮಾಡಿ. ಇತ್ತೀಚಿನ ಟಿವಿಗಳಲ್ಲಿ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಇದೆಲ್ಲಾ ಒಂದೇ ಗುಂಡಿಯಲ್ಲಿ ಆಗುತ್ತೆ. ಆಮೇಲೆ ಒಮಾಹಾ ದೃಶ್ಯ ಹಾಕಿ, ಮರಳು ನೋಡಿ. ಕಾಳು ಬಿಡಿಬಿಡಿಯಾಗಿ ಬಿದ್ದರೆ ಸರಿ. ಹಾಲಿನ ಥರ ಹರಿದರೆ ಟಿವಿ ತಾನೇ ಫ್ರೇಮು ಹುಟ್ಟಿಸ್ತಿದೆ ಅಂತ ಅರ್ಥ. ಆಮೇಲೆ ಹೊಗೆ, ಮಂಜು, ರಾತ್ರಿಯ ಆಕಾಶ ನೋಡಿ. ಅಲ್ಲಿ ಮೆಟ್ಟಿಲುಮೆಟ್ಟಿಲಾಗಿ ಪಟ್ಟೆ, ಚೌಕ ಕಂಡರೆ ಕಂಪ್ರೆಷನ್ ಅತಿಯಾಗಿದೆ. ನಮ್ಮ ಕೆಲಸದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ: ಕಣ ಪ್ರತಿ ಫ್ರೇಮಿಗೂ ಬೇರೆ, ಹಿಂದಿನ ಫ್ರೇಮಿಂದ ಊಹಿಸೋಕೆ ಆಗಲ್ಲ, ಹಾಗಾಗಿ ಬಿಟ್‌ರೇಟ್ ನುಂಗುತ್ತೆ. ಬ್ಲೂ-ರೇಯಲ್ಲಿ ಚಿತ್ರಕ್ಕೇ 40 ಎಂಬಿಪಿಎಸ್‌ವರೆಗೆ ಜಾಗ ಇದೆ, ಸ್ಟ್ರೀಮಿಂಗ್‌ನಲ್ಲಿ ಅಷ್ಟು ಸಿಗೋದು ಅಪರೂಪ. ಎವಿ1 ಕೋಡೆಕ್‌ನಲ್ಲಂತೂ ಕಳಿಸೋ ಮುಂಚೆ ಕಣ ತೆಗೆದು, ಅದರ ಲೆಕ್ಕ ಮಾತ್ರ ಕಳಿಸಿ, ನಿಮ್ಮ ಮನೆಯಲ್ಲಿ ಹೊಸ ಕಣ ಉದುರಿಸೋ ವ್ಯವಸ್ಥೆಯೇ ಇದೆ. ಇದು ಜಾಣತನವೋ ಮೋಸವೋ, ನಾನಿನ್ನೂ ತೀರ್ಮಾನಕ್ಕೆ ಬಂದಿಲ್ಲ.

ಹೋದ ತಿಂಗಳು 'ಮುತ್ತಿನ ಹಾರ' ಮತ್ತೆ ನೋಡಿದೆ. 1990ರದ್ದು, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ಜೊತೆಗೆ ಸುಹಾಸಿನಿ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆದದ್ದು. ನನಗೆ ಸಿಕ್ಕಿದ ಪ್ರತಿ ಯಾವುದೋ ಟೇಪಿನಿಂದ ಎತ್ತಿ ಯೂಟ್ಯೂಬಿಗೆ ಹಾಕಿದ್ದು. ದೂರದ ಶಾಟುಗಳಲ್ಲಿ ಸೈನಿಕರ ಮುಖ ಬರೀ ಬಣ್ಣದ ಚೌಕ. ಕಣ ಇದೆಯಾ, ಒರೆಸಿದ್ದಾರಾ ಅಂತ ಕೇಳೋ ಮಟ್ಟಕ್ಕೇ ಅದು ಬಂದಿಲ್ಲ. ಆ ಪ್ರತಿಯ ಕೆಳಗೆ ಒಬ್ಬರು ಬರೆದಿದ್ದರು: "ಯಾರಾದ್ರೂ ಎಐ ಹಾಕಿ ಕ್ಲೀನ್ ಮಾಡ್ರಪ್ಪಾ." ಅದಕ್ಕೆ ನೂರಾರು ಲೈಕು. ಹದಿನೈದು ವರ್ಷದ ಹಿಂದೆ ಆಗಿದ್ದರೆ ಒಂದು ಲೈಕು ನನ್ನದೂ ಇರುತ್ತಿತ್ತು.

ಇಂಥ ಸಿನಿಮಾ ಸಿಕ್ಕಿದ ಟೇಪನ್ನ ಕಂಪ್ಯೂಟರಿಗೆ ಕೊಟ್ಟರೆ ಅದು ವಿಷ್ಣು ಮುಖವನ್ನ ಊಹಿಸಿ ಬರೆಯುತ್ತೆ. ನೆಗೆಟಿವ್ ಹುಡುಕಿ ಸ್ಕ್ಯಾನ್ ಮಾಡಿದರೆ ಆವತ್ತು ಕ್ಯಾಮೆರಾ ಮುಂದೆ ಇದ್ದ ಮುಖವೇ ಸಿಗುತ್ತೆ, ರವೆಯ ಸಮೇತ. ನಿಮ್ಮ ಮನೆಯಲ್ಲಿ ಅಥವಾ ಗೊತ್ತಿರೋ ಕಡೆ ಯಾವುದಾದರೂ ಹಳೇ ಕನ್ನಡ ಸಿನಿಮಾದ ಫಿಲ್ಮ್ ರೀಲು ಇದ್ದರೆ, ಎಷ್ಟೇ ಹಾಳಾಗಿರಲಿ, ಎಸೆಯೋ ಮುಂಚೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಮ್ಮೆ ಕೇಳಿ. ವಾಕಡ್‌ನಲ್ಲಿ ಇರೋವಷ್ಟು ದಿನವೂ ಅದು ನನ್ನ ಮನೆಯಿಂದ ಒಂದು ಬೈಕ್ ಸವಾರಿಯಷ್ಟು ದೂರದಲ್ಲೇ ಇತ್ತು, ಒಂದು ದಿನವೂ ಹೋಗಿ ನೋಡಿರಲಿಲ್ಲ.