ಸೀಳಿದ ನಳಿಗೆಯ ಸಾಕ್ಷ್ಯ: ಕೇಪಿನ ಕೋವಿ ಸಿಡಿಯುವುದೇಕೆ?

ಕೋವಿಯ ನಳಿಗೆ ಒಡೆದು ಗುಂಡು ಹೊಡೆದವನ ಕೈಯೇ ಹೋಯಿತೆಂದರೆ ಊರವರು ಮೊದಲು ಆಡುವ ಮಾತು, ‘ಮದ್ದು ಜಾಸ್ತಿ ಹಾಕಿದ್ದ’ ಎಂದು. ಮಾತು ಪೂರ್ತಿ ಸುಳ್ಳಲ್ಲ. ಆದರೆ ವಿಚಾರಣೆ ಶುರುವಾಗುವ ಮೊದಲೇ ಅದನ್ನು ಮುಗಿಸಿಬಿಡುತ್ತದೆ. ಕರಿಮದ್ದು ಅಳತೆ ತುಸು ಮೀರಿದರೂ ಗಟ್ಟಿ ನಳಿಗೆ ತಡೆದುಕೊಂಡೀತು. ಮದ್ದಿಗೂ ಗುಂಡಿಗೂ ನಡುವೆ ಉಳಿದ ಜಾಗ, ಬುಡದಲ್ಲಿ ಕಣ್ಣಿಗೆ ಬೀಳದೆ ಬೆಳೆದ ತುಕ್ಕು, ಕರಿಮದ್ದೆಂದು ತಿಳಿದು ಸುರಿದ ಬೇರೆ ಮದ್ದು, ಈ ಮೂರನ್ನು ತಡೆದುಕೊಳ್ಳುವುದು ಕಷ್ಟ. ಮೂರರಲ್ಲಿ ಯಾವುದು ಕಾರಣವೆಂಬುದನ್ನು ಸೀಳಿದ ನಳಿಗೆಯೇ ಬಹುಮಟ್ಟಿಗೆ ಹೇಳುತ್ತದೆ ಎಂಬುದು ಈ ಲೇಖನದ ವಾದ.

ಪಾಲಕ್ಕಾಡ್ ಕಣಿವೆಯ ಬಾಯಲ್ಲಿರುವ ಮದುಕ್ಕರೈಯಿಂದ ಕನ್ನಡ ಮಾತಿನ ತಾಳವಾಡಿಯವರೆಗೆ, ಅಲ್ಲಿಂದ ಕೊಡಗು ಮಲೆನಾಡುಗಳವರೆಗೆ, ಕಾಡಂಚಿನ ಹೊಲದವರಿಗೆ ಹಂದಿ ಆನೆಗಳ ಕಾಟ ಒಂದೇ. ತಮಿಳರ ‘ನಾಟ್ಟುತ್ ತುಪ್ಪಾಕ್ಕಿ’ ನಮ್ಮಲ್ಲಿ ನಾಡಕೋವಿ. ಕೊಡಗಿನಲ್ಲಿ ಕೋವಿಗೆ ಕಾನೂನಿನ ಬೇರೆಯೇ ಚರಿತ್ರೆಯಿದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಸಿಕ್ಕಿರುವ ವಿನಾಯಿತಿ ಈಗ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ತೋಟೆ ಕೋವಿಗಳು ಬಂದ ಮೇಲೆ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಅಟ್ಟ ಸೇರಿತು. ಅಪಾಯ ಬೇರು ಬಿಡುವುದು ಆ ಅಟ್ಟದಲ್ಲೇ.

ನಳಿಗೆ ಒಡೆಯುವ ಪ್ರಶ್ನೆ ಹಳೆಯದು. ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲ್ ಅದನ್ನು ನೇರವಾಗಿ ಎತ್ತುತ್ತಾನೆ. ಹಿಂದೆ ಕಬ್ಬಿಣದ ತಗಡನ್ನು ಬಡಿದು ಅಂಚಿಗೆ ಅಂಚು ಬೆಸೆಯುತ್ತಿದ್ದರು, ಅಂಥವು ಒಡೆದು ಅನಾಹುತಗಳಾದವು. ಅಕ್ಬರನ ಕಾರ್ಖಾನೆಯಲ್ಲಿ ತಗಡನ್ನು ಓರೆಯಾಗಿ ಸುರುಳಿ ಸುತ್ತಿ, ಪದರದ ಮೇಲೆ ಪದರ ಕೂರಿಸಿ, ಬೆಂಕಿಯಲ್ಲಿ ಹದವಾಗಿ ಕಾಯಿಸಿ ಬೆಸೆದರು. ಬಾದಶಹನ ಹೊಗಳಿಕೆಯನ್ನು ಬದಿಗಿಟ್ಟು ನೋಡಿದರೂ ಲೋಹದ ಲೆಕ್ಕ ಸರಿಯಾಗಿದೆ. ಒಳಗಿನ ಒತ್ತಡ ಕೊಳವೆಯನ್ನು ಉದ್ದಕ್ಕೆ ಎಳೆಯುವುದಕ್ಕಿಂತ ಸುತ್ತಳತೆಯಲ್ಲಿ ಎರಡರಷ್ಟು ಎಳೆಯುತ್ತದೆ. ಉದ್ದುದ್ದ ಬೆಸುಗೆ ಆ ಹೆಚ್ಚಿನ ಎಳೆತಕ್ಕೆ ನೇರ ಎದುರಾಗುತ್ತದೆ, ಸುರುಳಿ ಬೆಸುಗೆ ಓರೆಯಾಗಿ. ನೀರಿನ ಪೈಪಿನಲ್ಲಿ ನಾಡಕೋವಿ ಮಾಡುವವರು, ಪೈಪಿಗೆ ಉದ್ದುದ್ದ ಬೆಸುಗೆಯಿದ್ದರೆ, ಅಕ್ಬರನಿಗಿಂತ ಹಿಂದಿನ ಕಾಲಕ್ಕೆ ಹೋದಂತೆಯೇ.

ಒಂದು ಸ್ಥೂಲ ಲೆಕ್ಕ ನೋಡೋಣ. ಒಳವ್ಯಾಸ 16 ಮಿ.ಮೀ., ಗೋಡೆ 3.5 ಮಿ.ಮೀ. ದಪ್ಪವಿರುವ ನಳಿಗೆಯಲ್ಲಿ ಕರಿಮದ್ದು 70 ಮೆಗಾಪ್ಯಾಸ್ಕಲ್ ಒತ್ತಡ ಹುಟ್ಟಿಸಿತೆನ್ನಿ. ಗೋಡೆಯ ಮೇಲಿನ ಎಳೆತ 160 ಮೆಗಾಪ್ಯಾಸ್ಕಲ್. ಸಾದಾ ಉಕ್ಕು ಸುಮಾರು 250ರವರೆಗೆ ಆಕಾರ ಕೆಡದೆ ನಿಲ್ಲುತ್ತದೆ. ತುಕ್ಕು ಗೋಡೆಯನ್ನು 2 ಮಿ.ಮೀ.ಗೆ ಇಳಿಸಿದರೆ ಅದೇ ಮದ್ದು, ಅದೇ ಅಳತೆ, ಎಳೆತ ಮಾತ್ರ 280. ಒಳಮೈ ಇದಕ್ಕಿಂತಲೂ ಹೆಚ್ಚು ಹೊರುತ್ತದೆ.

ತುಕ್ಕು ಕೂರುವ ಜಾಗವೂ ಗುಟ್ಟಿನದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಗಟ್ಟಿ ಕಿಟ್ಟವಾಗಿ ಉಳಿಯುತ್ತದೆ. ಆ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀರಲು ತೇವಕ್ಕೇನು ಬರ! ಬಾಯಿಯ ಕಡೆ ಎಣ್ಣೆಬಟ್ಟೆ ತಲುಪುತ್ತದೆ. ಕೇಪು ಕೂರಿಸುವ ತೊಟ್ಟಿನ ಕೆಳಗಿನ ಬುಡಕ್ಕೆ ಬಟ್ಟೆಯೂ ಹೋಗದು, ಕಣ್ಣೂ ಹೋಗದು. ಹೊರಗೆ ಮಿರಿಮಿರಿ ಮಿಂಚುವ ಅಜ್ಜನ ಕೋವಿ ಒಳಗೆ ಗೆದ್ದಲು ತಿಂದ ಕಂಬದ ಹಾಗಿರಬಹುದು.

ಇನ್ನು ಜಾಗದ ಮಾತು. ಗುಂಡು ಮದ್ದಿನ ಮೇಲೆ ಒತ್ತಿ ಕೂತಿರಬೇಕು. ಕಿಟ್ಟ ಕಟ್ಟಿದ ನಳಿಗೆಯಲ್ಲಿ ಅದು ನಡುವೆಯೇ ಸಿಕ್ಕಿಕೊಂಡರೆ ಮದ್ದಿನ ಅನಿಲ ಆ ಖಾಲಿ ಜಾಗದಲ್ಲಿ ವೇಗ ಹಿಡಿದು ನಿಂತ ಗುಂಡಿಗೆ ಅಪ್ಪಳಿಸುತ್ತದೆ. ನಳಿಗೆ ಅಲ್ಲಿಯೇ ಬಳೆಯಂತೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹಂದಿಗೆ ಕಾದು ಕೂತವನು ಕತ್ತಲಲ್ಲಿ ಅವಸರದಿಂದ ಗಜ (ಮದ್ದು ಜಡಿಯುವ ಕಡ್ಡಿ) ಹಾಕಿದಾಗ ಆಗುವುದು ಇದೇ. ಅಟ್ಟದ ಕೋವಿಯ ಬಾಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡೂ ಅದೇ ಕೆಲಸ ಮಾಡುತ್ತದೆ. ಪರೀಕ್ಷೆ ಸುಲಭ: ಗಜವನ್ನು ಒಳಗೆ ಬಿಟ್ಟಾಗ ಬರಿ ನಳಿಗೆಯಾದರೆ ಟಣ್ ಎನ್ನುತ್ತದೆ, ಒಳಗೇನಾದರೂ ಇದ್ದರೆ ದಪ್ ಎನ್ನುತ್ತದೆ.

ಥಂಡಿ ಹಿಡಿದ ಮದ್ದು ಹೊತ್ತದಿದ್ದಾಗ ಅದರ ಮೇಲೆಯೇ ಇನ್ನೊಂದು ಈಡು ತುಂಬುವುದು ಇದರ ಮುಂದಿನ ಮೆಟ್ಟಿಲು. ಇದನ್ನು ಅನನುಭವಿ ರೈತನ ತಪ್ಪೆಂದು ತಳ್ಳಿಹಾಕುವಂತಿಲ್ಲ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಕದನದ ನಂತರ ಆಯ್ದು ತಂದ 27,574 ಬಂದೂಕುಗಳಲ್ಲಿ ಸುಮಾರು 24,000 ತುಂಬಿದ್ದವು, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು. ಒಂದರಲ್ಲಿ 23. ಕವಾಯತು ಕಲಿತ ಸೈನಿಕರ ಕೈಯೇ ಹೀಗಾದರೆ, ವರ್ಷಕ್ಕೊಮ್ಮೆ ಕೋವಿ ಮುಟ್ಟುವವನ ಪಾಡೇನು?

ಮದ್ದು ಬದಲಾಗುವುದು ಎಲ್ಲಕ್ಕಿಂತ ಘೋರ. ತೋಟೆ ಬಿಚ್ಚಿ ತೆಗೆದ ಹೊಗೆರಹಿತ ಮದ್ದು ಮೇಲಿನ ಒತ್ತಡವನ್ನು ಮೂರು ಪಟ್ಟು ಮಾಡಿದರೂ ಎಳೆತ 480 ಮುಟ್ಟಿ ಸಾದಾ ಉಕ್ಕು ಹರಿದುಹೋಗುತ್ತದೆ. ಕ್ಲೋರೇಟ್ ಇರುವ ಪಟಾಕಿ ಮದ್ದಾದರೆ ಗಜದ ತಿಕ್ಕಾಟಕ್ಕೇ ಹೊತ್ತಿಕೊಳ್ಳಬಹುದು, ಕುದುರೆ ಎಳೆಯುವವರೆಗೂ ಕಾಯುವುದಿಲ್ಲ.

ಹಾಗಾಗಿ ಮಹಜರಿನಲ್ಲಿ ‘ಕೋವಿ ಸಿಡಿದಿದೆ’ ಎಂದಷ್ಟೇ ಬರೆದರೆ ಸಾಲದು, ಬುಡದಿಂದ ಎಷ್ಟು ಅಂಗುಲದಲ್ಲಿ ಸೀಳಿದೆ ಎಂಬುದನ್ನೂ ಬರೆಯಬೇಕು. ಬುಡ ಚೂರಾಗಿದ್ದರೆ ಸಂಶಯ ಮದ್ದಿನ ಮೇಲೆ, ತುಕ್ಕಿನ ಮೇಲೆ. ನಡುವೆ ಬಳೆಯಂತೆ ಉಬ್ಬಿದ್ದರೆ ಕೂರದ ಗುಂಡಿನ ಮೇಲೆ. ಬಾಯಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿರಿದಿದ್ದರೆ ಮಣ್ಣಿನ ಮೇಲೆ. ಗಾಯಗಳೂ ಇದಕ್ಕೆ ಹೊಂದಿಯೇ ಬರುತ್ತವೆ. ನಡುನಳಿಗೆ ಸೀಳಿದರೆ ಅದನ್ನು ಹಿಡಿದ ಎಡಗೈಯ ಬೆರಳು, ಅಂಗೈ. ಬುಡ ಮುಚ್ಚಿದ ತಿರುಪೋ ಕೇಪಿನ ತೊಟ್ಟೋ ಹಾರಿದರೆ ಹಣೆ, ಬಲಗಣ್ಣು. ಪಕ್ಕದಲ್ಲಿ ನಿಂತವನಿಗೂ ರಿಯಾಯಿತಿಯಿಲ್ಲ.

ಎಚ್ಚರವನ್ನು ವಿಧಿಯಾಗಿಸಿದ ಉದಾಹರಣೆ ಮೈಸೂರಿನಲ್ಲೇ ಇದೆ. ಜಂಬೂ ಸವಾರಿಯಂದು ರಾಷ್ಟ್ರಗೀತೆ ಮುಗಿಯುವುದರೊಳಗೆ ಏಳು ಫಿರಂಗಿಗಳಿಂದ 21 ಕುಶಾಲತೋಪು ಸಿಡಿಯಬೇಕು. ಒಂದೊಂದು ಫಿರಂಗಿ ಮೂರು ಬಾರಿ. ಎರಡು ಸಿಡಿತದ ನಡುವೆ ಉಳಿದ ಒಂದೇ ಒಂದು ಕಿಡಿ ಮುಂದಿನ ಮದ್ದನ್ನು ತುಂಬುವವನ ಕೈಯಲ್ಲೇ ಹೊತ್ತಿಸಬಲ್ಲದು. ಅದಕ್ಕೇ ದಸರಾಕ್ಕೆ ಮುಂಚೆ ಪೊಲೀಸರು ವಾರಗಟ್ಟಲೆ ತಾಲೀಮು ಮಾಡುವುದು. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್‌ಪೂ, ಅಂದರೆ ಅಗ್ನಿಶಿಖೆಯ ಹೂ, ಸಿಕ್ಕಿಸಿ ಪೂಜಿಸುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಹೂ ತೆಗೆದ ಮೇಲೆ, ಗುರಿಗೆ ನಿಲ್ಲುವ ಮೊದಲು, ಗಜವನ್ನೊಮ್ಮೆ ನಳಿಗೆಯೊಳಗೆ ಬಿಟ್ಟು ಕಿವಿಗೊಡಲು ಅರೆ ನಿಮಿಷವೂ ಬೇಡ.